ಪುಡಿಗೆ ಗಮ್ ಹಚ್ಚಿದರೆ ನಿಲ್ಲುತ್ತಾ? ಒಂದು ಹಳೇ ಟ್ರೇಲರಿನ ಸೀಲಿಂಗ್ ಬಟ್ಟೆಯ ಪ್ರಕರಣ

ನಮ್ಮ ಪ್ರವಾಸದ ಗಾಡಿಯಲ್ಲಿ, ಅಂದರೆ ಟ್ರೇಲರಿನಲ್ಲಿ ಮಲಗಿದ್ದ ಮಗಳು ಬೆಳಿಗ್ಗೆ ಎದ್ದಾಗ ದಿಂಬಿನ ಮೇಲೆಲ್ಲ ಕಿತ್ತಳೆ ಬಣ್ಣದ ಪುಡಿ ಉದುರಿತ್ತು. ಹದವಾಗಿ ಹುರಿದ ರವೆಯ ಹಾಗೆ ಕಾಣುತ್ತಿತ್ತು. ಆದರೆ ಬೆರಳಲ್ಲಿ ಉಜ್ಜಿದರೆ ರವೆಯಂತೆ ಜಾರಲಿಲ್ಲ. ಸ್ವಲ್ಪ ಅಂಟಿಕೊಂಡು ಚರ್ಮಕ್ಕೆ ಬಣ್ಣ ಹಿಡಿಯಿತು. ತಲೆ ಎತ್ತಿ ನೋಡಿದೆ. ಮಳೆ ಬಂದಾಗ ಶಾಮಿಯಾನದ ಬಟ್ಟೆಯಲ್ಲಿ ನೀರು ತುಂಬಿ ಜೋತುಬೀಳುತ್ತಲ್ಲ, ಹಾಗೆ ಹಾಸಿಗೆಯ ಮೇಲಿನ ಸೀಲಿಂಗ್ ಬಟ್ಟೆ ಒಂದು ಗೇಣು ಕೆಳಗೆ ಇಳಿದಿತ್ತು.

ಇದು 2023ರ ಏಪ್ರಿಲ್ ಕೊನೆಯ ಮಾತು. ಆ ಬಟ್ಟೆಯನ್ನು ಮತ್ತೆ ಅಂಟಿಸಿ ನಿಲ್ಲಿಸುವುದಕ್ಕೆ ನಮಗೆ ಹತ್ತು ತಿಂಗಳು ಹಿಡಿಯಿತು. ಕೆಲಸಕ್ಕೆ ಹಿಡಿದದ್ದು ಆರು ದಿನ ಮಾತ್ರ, ಉಳಿದದ್ದು ತಪ್ಪು ದಾರಿಯಲ್ಲಿ ಹೋದದ್ದು ಮತ್ತು ಕಾದದ್ದು. ಹಳೇ ಕಾರಿನ ರೂಫ್ ಲೈನಿಂಗ್ ಜೋತುಬಿದ್ದವರಿಗೂ ಇದರಲ್ಲಿ ಬಹಳಷ್ಟು ವಿಷಯ ಉಪಯೋಗಕ್ಕೆ ಬರುತ್ತದೆ. ಅದಕ್ಕೇ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಗಾಡಿಯ ಜಾತಕ

ನಾವಿರುವುದು ಅರಿಜೋನಾದ ಫೀನಿಕ್ಸ್ ಪಕ್ಕದಲ್ಲಿ. ಇಲ್ಲಿನ ಬೇಸಿಗೆ ಹೇಗಿರುತ್ತದೆ ಅಂದರೆ, 2023ರಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಬಿಸಿಲಿತ್ತು. ನಮ್ಮ ಲೆಕ್ಕದಲ್ಲಿ 43 ಡಿಗ್ರಿ ಸೆಲ್ಸಿಯಸ್ ಮೇಲೆ. ಹಾಗಾಗಿ ವಾರಾಂತ್ಯ ಬಂತೆಂದರೆ ಊರಿನ ಅರ್ಧ ಜನ ಉತ್ತರಕ್ಕೆ, ಸುಮಾರು 2100 ಮೀಟರ್ ಎತ್ತರದ ಫ್ಲ್ಯಾಗ್‌ಸ್ಟಾಫ್ ಕಡೆಗೆ ಹೊರಡುತ್ತಾರೆ. ಅಲ್ಲಿನ ಪೈನ್ ಕಾಡಿನ ತಂಪಿಗೆ ಹೋಗಿ ಉಳಿಯಲು ನಾವೊಂದು ಹಳೇ ಟ್ರಾವೆಲ್ ಟ್ರೇಲರ್ ಕೊಂಡಿದ್ದೆವು. ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿ ಎಳೆದೊಯ್ಯುವ ಚಕ್ರದ ಮನೆ ಅನ್ನಿ. ಮುಂದೆ ಹಾಸಿಗೆ, ನಡುವೆ ಅಡುಗೆ, ಹಿಂದೆ ಬಚ್ಚಲು. 24 ಅಡಿ ಉದ್ದ, 1996ರ ಮಾಡೆಲ್.

ಮೊದಲ ಒಡೆಯರು ಅದನ್ನು ಒರೆಗಾನ್ ರಾಜ್ಯದ ಕಡಲ ಬದಿಯಲ್ಲಿ ವರ್ಷಗಟ್ಟಲೆ ನಿಲ್ಲಿಸಿಟ್ಟಿದ್ದರು. ಒರೆಗಾನ್ ಕರಾವಳಿ ಅಂದರೆ ನಮ್ಮ ಮಲೆನಾಡಿನ ಥರ, ವರ್ಷದ ಬಹುಭಾಗ ಒದ್ದೆ. ಅಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ತೇವ ಕುಡಿದ ಗಾಡಿ, ಆಮೇಲೆ ಇಲ್ಲಿ ಬಂದು ಬಾಣಲೆಯ ಮೇಲೆ ನಿಂತಿತು. ಈ ಎರಡೂ ಸೇರಿಯೇ ಸೀಲಿಂಗಿನ ಕತೆ ಮುಗಿಸಿದ್ದು. ಕೊಳ್ಳುವಾಗ ನನಗದು ಹೊಳೆಯಲಿಲ್ಲ. ಟೈರು, ಬ್ರೇಕು, ಗ್ಯಾಸ್ ಒಲೆ ನೋಡಿದೆ. ತಲೆ ಮೇಲಿನ ಬಟ್ಟೆಯನ್ನು ಯಾರು ಒತ್ತಿ ನೋಡುತ್ತಾರೆ?

ಆ ಸೀಲಿಂಗ್ ಹೇಗೆ ಕಟ್ಟಿರುತ್ತಾರೆ ಎಂದು ಇಲ್ಲೇ ಹೇಳಿಬಿಡುತ್ತೇನೆ. ಮೂರು ಪದರ. ಮೇಲೆ ಸುಮಾರು 3 ಮಿಲಿಮೀಟರ್ ದಪ್ಪದ, ಲುವಾನ್ ಎಂಬ ಹಗುರ ಮರದ ಪ್ಲೈವುಡ್. ಅದರ ಕೆಳಗೆ ತೆಳ್ಳನೆಯ ಪಾಲಿಯುರಿಥೇನ್ ಸ್ಪಂಜ್. ಅದರ ಕೆಳಗೆ ನಮ್ಮ ಕಣ್ಣಿಗೆ ಕಾಣುವ ಬಟ್ಟೆ. ಬಟ್ಟೆ ಮತ್ತು ಸ್ಪಂಜ್ ಕಾರ್ಖಾನೆಯಲ್ಲೇ ಒಂದಾಗಿ ಬರುತ್ತವೆ. ಸ್ಪಂಜಿನ ಬೆನ್ನನ್ನು ಪ್ಲೈವುಡ್ಡಿಗೆ ಅಂಟಿಸುತ್ತಾರೆ. ಕಾರಿನಲ್ಲೂ ಇದೇ ಥರ, ಆದರೆ ಅಲ್ಲಿ ಪ್ಲೈವುಡ್ ಬದಲು ಅಚ್ಚೊತ್ತಿದ ಹಗುರ ಬೋರ್ಡು ಇರುತ್ತದೆ.

ಮೊದಲ ಸಲ ಮಾಡಿದ್ದು

ಮೇ ತಿಂಗಳಲ್ಲಿ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಸಾಮಾನ್ಯ ಸ್ಪ್ರೇ ಗಮ್ಮಿನ ಡಬ್ಬಿ ತಂದೆ. ಸೀಲಿಂಗಿನ ಅಡ್ಡಕ್ಕೆ ನಾಲ್ಕು ಅಡಿಗೊಂದರಂತೆ ಮರದ ಪಟ್ಟಿ ಹೊಡೆದಿದ್ದರು. ಆ ಪಟ್ಟಿ ಬಿಚ್ಚಿ, ಬಟ್ಟೆಯ ಅಂಚು ಸ್ವಲ್ಪ ಸರಿಸಿ, ಒಳಗೆ ಗಮ್ ಹೊಡೆದು ಅಂಗೈಯಲ್ಲಿ ಒತ್ತಿದೆ. ನಿಂತಿತು. ಎರಡು ಕಡೆ ಗಮ್ ಬಟ್ಟೆಯಿಂದಾಚೆ ಬಂದು, ತಲೆಗೆ ಎಣ್ಣೆ ಹಚ್ಚಿಕೊಂಡು ಮಲಗಿದ ದಿಂಬಿನ ಹಾಗೆ ಕಪ್ಪು ಕಲೆಯಾಯಿತು. ಆದರೂ ನಿಂತಿತಲ್ಲ ಎಂಬ ಸಮಾಧಾನದಲ್ಲಿ ಪಟ್ಟಿ ಮತ್ತೆ ಹೊಡೆದೆ.

ಆಮೇಲೆ ಟ್ರೇಲರ್ ಬಿಸಿಲಲ್ಲಿ ನಿಂತಿತ್ತು. ಒಳಗೆ ಒಂದು ಥರ್ಮಾಮೀಟರ್ ಇಟ್ಟಿದ್ದೆ. ಜೂನ್ ಕೊನೆಯಲ್ಲಿ ಬಾಗಿಲು ತೆಗೆದಾಗ ಅದು 63 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ಬಟ್ಟೆ ಪೂರ್ತಿ ಬಿದ್ದಿತ್ತು. ಮೊದಲು ಬಿದ್ದಿದ್ದಕ್ಕಿಂತ ಜಾಸ್ತಿ, ಮುಂಭಾಗದ 12 ಅಡಿಯೂ.

ನಾನು ಗಮ್ಮನ್ನೇ ಬೈದುಕೊಂಡೆ. ಅಂಗಡಿಗೆ ಹೋಗಿ ಇದಕ್ಕಿಂತ ಗಟ್ಟಿಯಾದ ಡಬ್ಬಿ ತರುವುದೆಂದು ತೀರ್ಮಾನ ಮಾಡಿದೆ. ಅದೃಷ್ಟಕ್ಕೆ ಆ ಬೇಸಿಗೆಯಲ್ಲಿ ಗಾಡಿಯೊಳಗೆ ಕಾಲಿಡುವ ಹಾಗಿರಲಿಲ್ಲ. ಕೆಲಸ ಮುಂದಕ್ಕೆ ಹೋಯಿತು. ನವೆಂಬರಿನಲ್ಲಿ ತೀರ್ಥಹಳ್ಳಿಯಿಂದ ಅಪ್ಪ ಬಂದರು.

ಅಪ್ಪ ಕಂಡುಹಿಡಿದದ್ದು

ಅಪ್ಪ ಅಡಿಕೆ ತೋಟದವರು. ಪಂಪು, ಸ್ಪ್ರೇಯರು, ಹಳೇ ಜೀಪು, ಎಲ್ಲವನ್ನೂ ಮನೆಯಲ್ಲೇ ಬಿಚ್ಚಿ ಜೋಡಿಸಿದವರು. ಇಲ್ಲಿ ಬಂದು ಒಂದು ವಾರಕ್ಕೇ ಸುಮ್ನೆ ಕೂರಲು ಆಗದೆ, "ಎಂತ ಮಾರಾಯಾ, ಆ ಗಾಡಿ ಹಾಳಾಗಿದೆ ಅಂದಿದ್ದೆಯಲ್ಲ, ತೋರಿಸು" ಅಂದರು.

ಒಳಗೆ ಬಂದವರು ಗಮ್ಮಿನ ಡಬ್ಬಿಯನ್ನು ಕೇಳಲಿಲ್ಲ. ಜೋತುಬಿದ್ದ ಬಟ್ಟೆಯ ಒಂದು ಮೂಲೆ ಹಿಡಿದು ಮೆಲ್ಲಗೆ ತಿರುವಿ ಹಾಕಿದರು. ಬೆನ್ನಿನ ಕಡೆ ನನ್ನ ಮೇ ತಿಂಗಳ ಗಮ್ ಹಾಗೇ ಇತ್ತು. ಒಣಗಿದ ಗಂಜಿಯ ಕೆನೆಯ ಹಾಗೆ ತೆಳ್ಳಗೆ, ಹರಿಯದೆ ಇತ್ತು. ಆ ಕೆನೆಯ ತುಂಬ ಕಿತ್ತಳೆ ಪುಡಿ ಮೆತ್ತಿಕೊಂಡಿತ್ತು. ಆಮೇಲೆ ಕುರ್ಚಿ ಹತ್ತಿ ಪ್ಲೈವುಡ್ ಮೇಲೆ ಬೆರಳಾಡಿಸಿದರು. ಅಲ್ಲೂ ಪುಡಿ.

"ನೋಡು, ನಿನ್ನ ಗಮ್ ಬಿಟ್ಟಿಲ್ಲ. ಅದು ಹಿಡ್ಕೊಂಡೇ ಇದೆ. ಅದು ಹಿಡ್ಕೊಂಡಿದ್ದು ಬರೀ ಪುಡೀನ. ಸುಣ್ಣ ಉದುರೋ ಗೋಡೆಗೆ ಪೋಸ್ಟರ್ ಅಂಟಿಸಿದ ಹಾಗೆ. ಪೋಸ್ಟರಿಗೆ ಗೋಂದು ಗಟ್ಟಿ ಇದ್ದರೇನು, ಸುಣ್ಣದ ಸಮೇತ ಕೆಳಗೆ ಬರ್ತದೆ."

ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಐದು ತಿಂಗಳಿಂದ ನಾನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೆ. ಗಮ್ಮಿನ ಮೇಲೂ ಪ್ಲೈವುಡ್ಡಿನ ಮೇಲೂ ಪುಡಿ ಇದೆ ಅಂದರೆ ಸೀಳಿದ್ದು ಗಮ್ಮಲ್ಲ, ಸ್ಪಂಜ್. ಆ ಮಾತಿಗೆ ಬೇರೆ ಸಾಕ್ಷಿಯೇ ಬೇಡ.

ಪಾಲಿಯುರಿಥೇನ್ ಸ್ಪಂಜಿನ ಸ್ವಭಾವವೇ ಅದು. ಗಾಳಿಯ ತೇವ ಅದರ ಅಣುಗಳ ಸರಪಳಿಯನ್ನು ನಿಧಾನವಾಗಿ ಕತ್ತರಿಸುತ್ತ ಹೋಗುತ್ತದೆ. ಬಿಸಿ ಸೇರಿದರೆ ಆ ಕೆಲಸ ಬೇಗ ಆಗುತ್ತದೆ. ಗಾಳಿಯಲ್ಲಿನ ಆಮ್ಲಜನಕವೂ ಜೊತೆಗೂಡುತ್ತದೆ. ಮೊದಲು ಬಿಳಿ ಸ್ಪಂಜ್ ಹಳದಿಯಾಗುತ್ತದೆ. ಆಮೇಲೆ ಕಿತ್ತಳೆ. ನಡುವೆ ಸ್ವಲ್ಪ ಕಾಲ ಅಂಟಂಟಾಗಿರುತ್ತದೆ. ಕೊನೆಗೆ ಮುಟ್ಟಿದರೆ ಉದುರುವ ಪುಡಿ. ಹಳೇ ಹೆಡ್‌ಫೋನಿನ ಕಿವಿಯ ಸ್ಪಂಜ್, ಅಟ್ಟದ ಮೇಲಿಟ್ಟ ಹಳೇ ಶೂಗಳ ಅಡಿ, ಇವೂ ಇದೇ ಥರ ಪುಡಿಯಾಗುವುದನ್ನು ನೀವು ನೋಡಿರಬಹುದು. ನಮ್ಮ ಕಡೆ ಮಳೆಗಾಲ ಕಂಡ ಹಳೇ ಕಾರುಗಳಲ್ಲಿ ರೂಫ್ ಲೈನಿಂಗ್ ಬೀಳುವುದೂ ಇದಕ್ಕೇ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಸುಲಭ. ಇನ್ನೂ ಅಂಟಿಕೊಂಡಿರುವ ಕಡೆ ಹೆಬ್ಬೆರಳಿನಿಂದ ಒತ್ತಿ, ಸ್ವಲ್ಪ ತಿರುಗಿಸಿ. ಸ್ಪಂಜ್ ಜೀವಂತ ಇದ್ದರೆ ಇಡ್ಲಿಯ ಹಾಗೆ ಮತ್ತೆ ಉಬ್ಬುತ್ತದೆ. ಸತ್ತಿದ್ದರೆ ಕುಳಿ ಹಾಗೇ ಉಳಿಯುತ್ತದೆ, ಒಳಗೆ ಮರಳು ಜರುಗಿದ ಹಾಗೆ ಸಣ್ಣ ಸದ್ದು ಬರುತ್ತದೆ. ಸದ್ದು ಬಂದ ಕಡೆ ಹೊಸ ಗಮ್ ಹಾಕುವುದು ವ್ಯರ್ಥ. ಬಟ್ಟೆಯ ಮೇಲಿಂದ ತಿರುಚಿ ಚುಚ್ಚುವ ಪಿನ್ನುಗಳು ಸಿಗುತ್ತವೆ, ಕೆಲವರು ಸ್ಟೇಪಲ್ ಕೂಡ ಹೊಡೆಯುತ್ತಾರೆ. ಪ್ರವಾಸದ ನಡುವೆ ಬಟ್ಟೆ ಬಿದ್ದರೆ ಮನೆ ಮುಟ್ಟುವ ತನಕ ಸರಿ. ಅದರಾಚೆಗೆ ಬೇಡ. ಪುಡಿ ಮಕ್ಕಳ ಮೂಗಿಗೆ, ಊಟದ ತಟ್ಟೆಗೆ ಉದುರುತ್ತಲೇ ಇರುತ್ತದೆ.

ನೀರು ಎಲ್ಲಿಂದ ಬಂತು

ಅಪ್ಪನಿಗೆ ಇನ್ನೊಂದು ಅನುಮಾನ. "ಈ ಕಡೆಯೇ ಯಾಕೆ ಮೊದಲು ಬಿತ್ತು?" ಹಾಸಿಗೆಯ ಮೇಲೆ ಗಾಳಿ ಹೋಗಲು 14 ಇಂಚು ಚೌಕದ ಒಂದು ಕಿಂಡಿ ಇದೆ. ಬಟ್ಟೆ ಮೊದಲು ಜೋತುಬಿದ್ದದ್ದು ಅದರ ಸುತ್ತಲೇ. ತೇವ ಅಳೆಯುವ ಎರಡು ಮುಳ್ಳಿನ ಮೀಟರ್ ತಂದು ಪ್ಲೈವುಡ್ಡಿಗೆ ಚುಚ್ಚಿದೆವು. ಉಳಿದ ಕಡೆ 7, 8 ಪರ್ಸೆಂಟ್. ಕಿಂಡಿಯ ಮುಂಬದಿ ಅಂಚಿನಲ್ಲಿ 22. ಈ ಮರುಭೂಮಿಯಲ್ಲಿ ಮರ 22 ಪರ್ಸೆಂಟ್ ಒದ್ದೆ ಇದೆ ಅಂದರೆ ಅದು ಹೊರಗಿನ ನೀರು, ಅನುಮಾನವೇ ಬೇಡ.

ಮೇಲೆ ಹತ್ತಿ ನೋಡಿದೆವು. ಚಾವಣಿಗೆ ಹೊದಿಸಿದ್ದು ಇಪಿಡಿಎಂ ಎಂಬ ರಬ್ಬರ್ ಹಾಳೆ. ಅದು ಚೆನ್ನಾಗಿಯೇ ಇತ್ತು. ಕಿಂಡಿಯ ಸುತ್ತ ಹಚ್ಚಿದ್ದ, ಸಂದಿ ಮುಚ್ಚುವ ಸೀಲೆಂಟ್ ಮಾತ್ರ ಬೇಸಿಗೆಯ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿತ್ತು. ಎದ್ದುಬಂದದ್ದನ್ನು ಪ್ಲಾಸ್ಟಿಕ್ ಬ್ಲೇಡಿನಲ್ಲಿ ತೆಗೆದು, ಸೋಪು ನೀರಲ್ಲಿ ಒರೆಸಿ, ಒಣಗಿಸಿ, ಇಂಥ ಚಾವಣಿಗೇ ಮಾಡಿದ, ತಾನಾಗಿ ಹರಿದು ಸಮನಾಗುವ ಸೀಲೆಂಟ್ ಹಾಕಿದೆವು. ಇಲ್ಲಿ ಪೆಟ್ರೋಲ್ ಥರದ ಯಾವ ದ್ರಾವಕವನ್ನೂ ರಬ್ಬರಿಗೆ ಮುಟ್ಟಿಸಬಾರದು, ಹಾಳೆ ಉಬ್ಬುತ್ತದೆ. ಸಿಲಿಕೋನನ್ನೂ ಹಾಕಬಾರದು. ಅದು ಈ ರಬ್ಬರನ್ನು ಸರಿಯಾಗಿ ಹಿಡಿಯುವುದಿಲ್ಲ. ಅದರ ಮೇಲೆ ಮುಂದೆ ಬೇರೆ ಯಾವುದೂ ಹಿಡಿಯುವುದಿಲ್ಲ.

ಒಳಗೆ ಊಟದ ತಟ್ಟೆಯಷ್ಟು ಪ್ಲೈವುಡ್ ಮೆತ್ತಗಾಗಿತ್ತು. ಅದನ್ನು ಚೌಕವಾಗಿ ಕತ್ತರಿಸಿ ತೆಗೆದು, ಹಿಂದೆ ಮರದ ತುಂಡು ಕೊಟ್ಟು ಹೊಸ ತುಂಡು ಕೂರಿಸಿದೆವು. ಫ್ಯಾನ್ ಇಟ್ಟು ಹತ್ತು ದಿನ ಒಣಗಲು ಬಿಟ್ಟೆವು. ಮೀಟರ್ 9ಕ್ಕೆ ಇಳಿದ ಮೇಲೆ ಪೈಪಿನಿಂದ ಮೇಲೆ ಅರ್ಧ ಗಂಟೆ ನೀರು ಬಿಟ್ಟು ನೋಡಿದೆವು. ಹನಿ ಇಳಿಯಲಿಲ್ಲ. ಈ ಹಂತ ಬಿಟ್ಟು ನೇರ ಬಟ್ಟೆಗೆ ಕೈಹಾಕಿದ್ದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಪಾಡು.

ಬಟ್ಟೆಯೋ, ಮರವೋ

ಬಟ್ಟೆಯನ್ನೇ ಹಾಕಬೇಕಾ ಎಂದು ಮನೆಯಲ್ಲಿ ಎರಡು ದಿನ ಚರ್ಚೆ ನಡೆಯಿತು. ಅಪ್ಪನ ಮನಸ್ಸು ಮರದ ಹಲಗೆಯ ಕಡೆಗೆ. ಮಲೆನಾಡಿನ ಮನೆಯಲ್ಲಿ ಮುಚ್ಚಿಗೆ ಹಲಗೆ ನೋಡಿಕೊಂಡು ಬೆಳೆದವರಿಗೆ ಅದು ಸಹಜ. ನೋಡಲೂ ಚೆಂದ, ಮುಂದೆ ಬೀಳುವ ಭಯವೂ ಇಲ್ಲ. ಆದರೆ ಟ್ರೇಲರಿಗೆ ಒಟ್ಟು ತೂಕದ ಮಿತಿ ಇರುತ್ತದೆ. ಬಾಗಿಲ ಪಕ್ಕದ ಚೀಟಿಯಲ್ಲಿ ಬರೆದಿರುತ್ತಾರೆ. ನೀರು, ಗ್ಯಾಸ್, ಸಾಮಾನು ತುಂಬಿದ ಮೇಲೆ ನಮ್ಮದರಲ್ಲಿ ಉಳಿಯುವುದು ಸ್ವಲ್ಪವೇ. ತಲೆಯ ಮೇಲೆ ತೂಕ ಹಾಕಿದರೆ ತಿರುವಿನಲ್ಲಿ ಗಾಡಿ ಓಲಾಡುವುದೂ ಜಾಸ್ತಿ. ಹೆಂಡತಿ ಹೇಳಿದ ಕಾರಣ ನನಗೆ ಇನ್ನೂ ಸರಿಯೆನಿಸಿತು: ಮಳೆ ಬಂದಾಗ ತೆಳ್ಳನೆಯ ಚಾವಣಿಯ ಕೆಳಗೆ ಆ ಸದ್ದು ತಗ್ಗಿಸುವುದು ಸ್ಪಂಜೇ. ಚಳಿಯಲ್ಲಿ ಉಸಿರಿನ ಹಬೆ ಬರೀ ಪ್ಲೈವುಡ್ಡಿಗೆ ತಾಗಿ ಹನಿಯಾಗುವುದೂ ತಪ್ಪುತ್ತದೆ. ಹಾಗಾಗಿ ಬಟ್ಟೆ.

ಸೀಟು ಹೊಲಿಯುವ ಅಂಗಡಿಯೊಂದರಲ್ಲಿ ಕೇಳಿದೆವು. ಟ್ರೇಲರ್ ಅಂದ ತಕ್ಷಣ ಅವರು ತಲೆ ಅಲ್ಲಾಡಿಸಿದರು. ಕಾರಣ ಇದೆ. ಊರಲ್ಲಿ ಅಪ್ಪನ ಹಳೇ ಕಾರಿನ ಲೈನಿಂಗ್ ಬಿದ್ದಾಗ ಶಿವಮೊಗ್ಗದ ಕುಶನ್ ಅಂಗಡಿಯವರು ಅರ್ಧ ದಿನದಲ್ಲಿ ಮುಗಿಸಿದ್ದರು. ಸನ್ ವೈಸರು, ಲೈಟು, ಹಿಡಿಕೆ ಬಿಚ್ಚಿ ಬೋರ್ಡನ್ನೇ ಹಿಂದಿನ ಬಾಗಿಲಿಂದ ಹೊರಗೆಳೆದು, ಮೇಜಿನ ಮೇಲೆ ಮಲಗಿಸಿ ಕೆಲಸ ಮಾಡಿದ್ದರು. ಗಮ್ ಕೆಳಮುಖವಾಗಿ ಹಚ್ಚುವ ಸುಖ ಅದು. ಟ್ರೇಲರಿನಲ್ಲಿ ಸೀಲಿಂಗ್ ಹಲಗೆಯ ಅಂಚುಗಳು ಗೋಡೆ ಮತ್ತು ಚಾವಣಿಯ ನಡುವೆ ಸಿಕ್ಕಿಕೊಂಡಿರುತ್ತವೆ. ಕಪಾಟುಗಳನ್ನೂ ಅದಕ್ಕೇ ಬಿಗಿದಿರುತ್ತಾರೆ. ಹೊರಗೆ ತೆಗೆಯುವ ಮಾತೇ ಇಲ್ಲ. ಎಲ್ಲವನ್ನೂ ಕತ್ತೆತ್ತಿ, ಕೈಯೆತ್ತಿ ಮಾಡಬೇಕು.

ಕೆರೆಯುವ ಮೂರು ದಿನ

2024ರ ಫೆಬ್ರವರಿ ಆರಿಸಿಕೊಂಡೆವು. ಹಗಲಲ್ಲಿ 20 ಡಿಗ್ರಿ ಆಸುಪಾಸು, ಒಣ ಗಾಳಿ. ಗಮ್ ಹಿಡಿಯಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲಿ ಸಿಗುವುದಿಲ್ಲ.

ಹಳೇ ಬಟ್ಟೆ ಕಿತ್ತು ತೆಗೆಯುವುದು ಹತ್ತು ನಿಮಿಷದ ಕೆಲಸ. ಅದು ತಾನಾಗಿಯೇ ಬಂತು. ಅದರ ಹಿಂದೆ ಉಳಿದ ಪುಡಿಯನ್ನು ತೆಗೆಯಲು ಮೂರು ದಿನ ಬೇಕಾಯಿತು. ಇಡೀ ಪ್ರಕರಣದಲ್ಲಿ ನಾನು ಯಾವುದನ್ನಾದರೂ ಒತ್ತಿ ಹೇಳುವುದಿದ್ದರೆ ಈ ಮೂರು ದಿನವನ್ನೇ.

ಮೊದಲು ತಂತಿಯ ಬ್ರಷ್ ಹಿಡಿದೆ. ಎರಡು ಸಲ ಎಳೆಯುವಷ್ಟರಲ್ಲಿ ಲುವಾನ್ ಪ್ಲೈವುಡ್ಡಿನ ಮೇಲ್ಪದರ ನಾರುನಾರಾಗಿ ಎದ್ದಿತು. ಅಪ್ಪ ಅದನ್ನು ಕಿತ್ತುಕೊಂಡು ಬಟ್ಟೆ ಒಗೆಯುವ ಗಡುಸು ನೈಲಾನ್ ಬ್ರಷ್ ಕೊಟ್ಟರು. ಅದೇ ಸರಿಹೋಯಿತು. ಒಂದು ಕೈಯಲ್ಲಿ ಬ್ರಷ್, ಅದರ ಪಕ್ಕಕ್ಕೇ ವ್ಯಾಕ್ಯೂಮಿನ ಬಾಯಿ. ಮೂಗಿಗೆ ಎನ್95 ಮಾಸ್ಕ್, ಕಣ್ಣಿಗೆ ಸುತ್ತ ಮುಚ್ಚುವ ಕನ್ನಡಕ. ಕೆಲವು ಕಡೆ ಸ್ಪಂಜ್ ಪುಡಿಯಾಗದೆ ಅಂಟಂಟಾಗಿಯೇ ಉಳಿದಿತ್ತು. ಅದನ್ನು ಪುಟ್ಟಿ ಹಚ್ಚುವ ಬ್ಲೇಡನ್ನು ಮಲಗಿಸಿ ಹಿಡಿದು, ದೋಸೆ ಎಬ್ಬಿಸಿದ ಹಾಗೆ ಎಬ್ಬಿಸಬೇಕಾಯಿತು.

ಒಂದು ಸುತ್ತು ಮುಗಿದಾಗ ಸೀಲಿಂಗ್ ಸ್ವಚ್ಛವಾಗಿ ಕಂಡಿತು. ನಾನು ಇಳಿಯಹೊರಟೆ. ಅಪ್ಪ ಬಣ್ಣ ಬಳಿಯುವವರು ಬಳಸುವ ಕಾಗದದ ಟೇಪ್ ಒಂದು ಗೇಣು ಹರಿದು ಪ್ಲೈವುಡ್ಡಿಗೆ ಅಂಟಿಸಿ, ಉಗುರಲ್ಲಿ ಉಜ್ಜಿ, ಸರ್ರನೆ ಕಿತ್ತರು. ಟೇಪಿನ ಬೆನ್ನು ಪೂರ್ತಿ ಕಿತ್ತಳೆ. "ಇದೇ ನಿನ್ನ ಗಮ್ಮಿಗೂ ಸಿಗೋದು" ಅಂದರು. ಮತ್ತೆ ಉಜ್ಜಿದೆವು. ಎರಡನೇ ಸುತ್ತಿನ ಟೇಪ್ ನಸು ಹಳದಿ. ಆಮೇಲೆ ಸ್ವಲ್ಪ ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ನಯವಾದ ಸ್ಯಾಂಡ್‌ಪೇಪರ್ ಒಮ್ಮೆ ಆಡಿಸಿ, ಮತ್ತೆ ವ್ಯಾಕ್ಯೂಮ್ ಮಾಡಿದೆವು. ಮೂರನೇ ಸುತ್ತಿನ ಟೇಪಿನಲ್ಲಿ ಮರದ ಒಂದೆರಡು ನಾರು ಬಿಟ್ಟರೆ ಏನೂ ಇರಲಿಲ್ಲ. ಮುಂಭಾಗದ 12 ಅಡಿಯಲ್ಲಿ ನಲವತ್ತಕ್ಕೂ ಹೆಚ್ಚು ಕಡೆ ಹೀಗೆ ಟೇಪ್ ಹಚ್ಚಿ ನೋಡಿದ್ದೇವೆ. ಕತ್ತು ಹಿಡಿದುಕೊಂಡಿತು, ರಾತ್ರಿ ಅಮೃತಾಂಜನ ಹಚ್ಚಿಕೊಂಡು ಮಲಗಿದೆವು.

ಗಮ್ಮಿನ ಆಯ್ಕೆ, ಬೆಂಕಿಯ ಭಯ

ಸ್ಪ್ರೇ ಗಮ್ಮುಗಳಲ್ಲಿ ಬಹಳ ಬಗೆ. ಕಾಗದ, ಥರ್ಮಾಕೋಲ್ ಅಂಟಿಸುವ ಸಾಮಾನ್ಯ ಡಬ್ಬಿಗಳು ಬಿಸಿಗೆ ಮೆತ್ತಗಾಗುತ್ತವೆ. ಬಿಸಿಲಲ್ಲಿ ನಿಲ್ಲುವ ಗಾಡಿಯೊಳಗೆ 60 ಡಿಗ್ರಿ ದಾಟುವುದು ಸಾಮಾನ್ಯವಾದ್ದರಿಂದ, ಡಬ್ಬಿಯ ಮೇಲೆ ಬರೆದ ಶಾಖದ ಮಿತಿ 70 ಡಿಗ್ರಿ ಸೆಲ್ಸಿಯಸ್‌ಗಾದರೂ ಮೇಲಿರಬೇಕೆಂದು ಇಟ್ಟುಕೊಂಡೆ. ನಾವು ಕೊನೆಗೆ ಕೊಂಡದ್ದು ಇಲ್ಲಿನ ಸೀಟು ಹೊಲಿಯುವವರು ಕಾರಿನ ಟಾಪ್ ಮತ್ತು ಒಳಬಟ್ಟೆಗೆ ಬಳಸುವ, ಹೆಚ್ಚು ಶಾಖ ತಡೆಯುವ ಕಾಂಟ್ಯಾಕ್ಟ್ ಗಮ್, ಒಂದು ಗ್ಯಾಲನ್ ಡಬ್ಬಿ. ಊರಿನಲ್ಲಿ ಕುಶನ್ ಅಂಗಡಿಯವರು ಬಳಸುವ ಸಿಂಥೆಟಿಕ್ ರಬ್ಬರಿನ ಫೆವಿಕಾಲ್ ಎಸ್ಆರ್ ಕೂಡ ಇದೇ ಕುಲದ್ದು. ಎರಡೂ ಮೈಗೆ ಹಚ್ಚಿ, ಕೈಗೆ ಮೆತ್ತದಷ್ಟು ಒಣಗಲು ಬಿಟ್ಟು, ಆಮೇಲೆ ಕೂಡಿಸಬೇಕು. ಕೂಡಿದರೆ ಮುಗಿಯಿತು. ಸರಿಸಿ ಕೂರಿಸುತ್ತೇನೆ ಅನ್ನುವ ಹಾಗಿಲ್ಲ.

ಇಲ್ಲಿ ದಯವಿಟ್ಟು ನಿಧಾನವಾಗಿ ಓದಿ. ಇಂಥ ಗಮ್ಮುಗಳಲ್ಲಿ ಸಾಮಾನ್ಯವಾಗಿ ಟೊಲುಯೀನ್, ಹೆಕ್ಸೇನ್, ಅಸಿಟೋನ್ ಥರದ ದ್ರಾವಕಗಳಿರುತ್ತವೆ. ಅವುಗಳ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಡಿ ಕೂರುತ್ತದೆ. ಇಂಥ ಹಳೇ ಟ್ರೇಲರಿನಲ್ಲಿ ಫ್ರಿಜ್ಜು, ನೀರು ಕಾಯಿಸುವ ಯಂತ್ರ, ಹೀಟರ್ ಎಲ್ಲವೂ ಪ್ರೊಪೇನ್ ಗ್ಯಾಸಿನಲ್ಲಿ ನಡೆಯುತ್ತವೆ. ಫ್ರಿಜ್ಜಿನ ಹಿಂದೆ ಸಣ್ಣ ಜ್ವಾಲೆ ಉರಿಯುತ್ತಿರುವುದು ಎಷ್ಟೋ ಜನಕ್ಕೆ ನೆನಪೇ ಇರುವುದಿಲ್ಲ. ನಾವು ಹಿಂದಿನ ದಿನವೇ ಸಿಲಿಂಡರಿನ ವಾಲ್ವ್ ಮುಚ್ಚಿದೆವು. ಒಲೆಯ ಬರ್ನರ್ ತೆರೆದು ಪೈಪಿನಲ್ಲಿ ಉಳಿದ ಗ್ಯಾಸನ್ನು ಉರಿಸಿ ಖಾಲಿ ಮಾಡಿದೆವು. ಹೊರಗಿನ ಕರೆಂಟ್ ತಂತಿ ಕಿತ್ತು, ಬ್ಯಾಟರಿಯನ್ನೂ ಬಿಡಿಸಿದೆವು. ಬಾಗಿಲು, ಕಿಟಕಿ, ಕಿಂಡಿ ಎಲ್ಲ ತೆರೆದು, ಒಂದು ಫ್ಯಾನನ್ನು ಹೊರಗಿಟ್ಟು ಬಾಗಿಲಿನಿಂದ ಒಳಗೆ ಗಾಳಿ ನೂಕುವಂತೆ ಮಾಡಿದೆವು. ಫ್ಯಾನನ್ನು ಒಳಗಿಟ್ಟು ಆವಿಯನ್ನು ಅದರ ಮೋಟಾರಿನ ಮೂಲಕ ಹೊರಗೆ ಎಳೆಸಬಾರದು. ಮೋಟಾರಿನ ಒಂದು ಕಿಡಿ ಸಾಕು.

ಮಾಸ್ಕಿನ ವಿಷಯವೂ ಅಷ್ಟೇ. ಪುಡಿಗೆ ಹಾಕಿಕೊಂಡ ಎನ್95 ಆವಿಯನ್ನು ತಡೆಯುವುದಿಲ್ಲ. ರಾಸಾಯನಿಕ ಆವಿಗೆಂದೇ ಇರುವ ಎರಡು ಡಬ್ಬಿಯ ರೆಸ್ಪಿರೇಟರ್ ಬೇಕು. ಇಷ್ಟೆಲ್ಲ ಮಾಡಿ ಸಂಜೆ ಗಾಳಿಯಾಡಿಸಿ ಬ್ಯಾಟರಿ ಜೋಡಿಸಿದಾಗ, ನೆಲದ ಹತ್ತಿರ ಇರುವ ಗ್ಯಾಸ್ ಸೋರಿಕೆಯ ಅಲಾರಂ ಕೂಗಿಕೊಂಡಿತು. ಗ್ಯಾಸ್ ಬಂದ್ ಇತ್ತು. ಅದು ಕಂಡುಹಿಡಿದದ್ದು ಕೆಳಗೆ ಕೂತಿದ್ದ ಗಮ್ಮಿನ ಆವಿಯನ್ನು. ತಕ್ಷಣ ಎಲ್ಲರೂ ಹೊರಗೆ ಬಂದೆವು. ಆ ರಾತ್ರಿ ಗಾಡಿಯನ್ನು ತೆರೆದೇ ಬಿಟ್ಟೆವು, ಮರುದಿನವೂ ಒಳಗೆ ಕಡ್ಡಿ ಗೀರಲಿಲ್ಲ.

ಬಟ್ಟೆ ಏರಿಸಿದ್ದು

ಹೊಸ ಬಟ್ಟೆ, ಸ್ಪಂಜ್ ಸಮೇತ, 60 ಇಂಚು ಅಗಲದ ಸುರುಳಿಯಲ್ಲಿ ಸಿಗುತ್ತದೆ. ನಮ್ಮ ಪ್ಲೈವುಡ್ ಹಲಗೆಗಳು 48 ಇಂಚು. ಅಂದರೆ ಎರಡೂ ಬದಿ ಆರಾರು ಇಂಚು ಜಾಸ್ತಿ ಸಿಗುತ್ತದೆ, ಕೂಡುಗೆರೆಯ ಮೇಲೆ ಹಳೇ ಮರದ ಪಟ್ಟಿಯೇ ಬಂದು ಕೂರುತ್ತದೆ. ಹಾಗಾಗಿ ಉದ್ದಕ್ಕೆ ಒಂದೇ ತುಂಡು ಹಾಕುವ ಆಸೆ ಬಿಟ್ಟು, ಅಡ್ಡಡ್ಡ ಮೂರು ತುಂಡು ಮಾಡಿದೆವು. ಒಂದು ತುಂಡು ಕೆಟ್ಟರೂ ಉಳಿದೆರಡು ಉಳಿಯುತ್ತವೆ ಎಂಬ ಲೆಕ್ಕವೂ ಇತ್ತು.

ಪ್ಲೈವುಡ್ಡಿಗೆ ಗಿಡ್ಡ ರೋಮದ ರೋಲರಿನಲ್ಲಿ ಎರಡು ಸಲ ಗಮ್ ಹಚ್ಚಿದೆವು. ಮರ ಮೊದಲನೆಯದನ್ನು ಕುಡಿದುಬಿಡುತ್ತದೆ. ಸ್ಪಂಜಿನ ಕಡೆಗೆ ಮಾತ್ರ ಹೊರಗೆ ಮೇಜಿನ ಮೇಲೆ ಹಾಸಿ ತೆಳ್ಳಗೆ ಒಂದೇ ಸಲ. ಅಲ್ಲಿ ಗಮ್ ಜಾಸ್ತಿಯಾದರೆ ದ್ರಾವಕ ಸ್ಪಂಜನ್ನು ತಿನ್ನುತ್ತದೆ, ಬಟ್ಟೆಯವರೆಗೂ ನೆನೆಯುತ್ತದೆ. ನನ್ನ ಮೇ ತಿಂಗಳ ಕಲೆ ಬಂದದ್ದು ಹೀಗೇ.

ಗಮ್ ಒಣಗಿದ ಎಂಟು ಅಡಿ ಬಟ್ಟೆಯನ್ನು ಒಳಗೆ ಒಯ್ಯುವುದು ಹೇಗೆ? ಅದು ತನ್ನ ಮೈಗೆ ತಾನೇ ತಾಗಿದರೆ ಕತೆ ಮುಗಿಯಿತು. ಇದಕ್ಕೆ ದಾರಿ ಹೇಳಿದ್ದು ಹೆಂಡತಿ. ಹೋಳಿಗೆಗಳ ನಡುವೆ ಬಟರ್ ಪೇಪರ್ ಇಟ್ಟು ಜೋಡಿಸುವುದಿಲ್ವಾ, ಹಾಗೆ ಮೇಣದ ಕಾಗದ ಇಟ್ಟು ಚಾಪೆಯ ಹಾಗೆ ಸುತ್ತಿದರೆ ಆಯಿತು ಅಂದಳು. ಹಾಗೇ ಮಾಡಿದೆವು. ಮೇಲೆ ಒಂದು ಅಡಿ ಬಿಚ್ಚಿ ಅಂಟಿಸುವುದು, ಕಾಗದ ಒಂದು ಅಡಿ ಎಳೆಯುವುದು, ಮತ್ತೆ ಒಂದು ಅಡಿ.

ಆದರೂ ಮೊದಲ ತುಂಡು ಕೆಟ್ಟಿತು. ನಾನು ಒಂದು ಗೋಡೆಯಿಂದ ಶುರು ಮಾಡಿ ಎಳೆದುಕೊಂಡು ಹೋದೆ. ಆಚೆ ಗೋಡೆ ಮುಟ್ಟುವಷ್ಟರಲ್ಲಿ ಬಟ್ಟೆ ಓರೆಯಾಗಿ, ನಡುವೆ ಮೊಳದುದ್ದದ ಮಡಿಕೆ ಬಿತ್ತು. ಬಿಡಿಸಲು ಎಳೆದೆ. "ಎಳೀಬೇಡ!" ಎಂದು ಅಪ್ಪ ಕೂಗುವುದಕ್ಕೂ ಹೊಸ ಸ್ಪಂಜ್ ಪರ್ರೆಂದು ಹರಿದು ಅರ್ಧ ಮೇಲೆಯೇ ಉಳಿಯುವುದಕ್ಕೂ ಸರಿಹೋಯಿತು. ಅದನ್ನು ಮತ್ತೆ ಕೆರೆಯಲು ಅರ್ಧ ದಿನ ಹೋಯಿತು. ಆದರೆ ಹಾಗೆ ಹರಿದದ್ದರಲ್ಲಿ ಒಂದು ಒಳ್ಳೆಯ ಸುದ್ದಿಯೂ ಇತ್ತು. ಸ್ಪಂಜ್ ಹರಿದರೂ ಗಮ್ ಪ್ಲೈವುಡ್ಡನ್ನು ಬಿಟ್ಟಿರಲಿಲ್ಲ.

ಎರಡನೇ ಸಲ ಕ್ರಮ ಬದಲಾಯಿಸಿದೆವು. ಪ್ಲೈವುಡ್ಡಿನ ನಡುವೆ ಪೆನ್ಸಿಲಿನಲ್ಲಿ ಗೆರೆ, ಬಟ್ಟೆಯ ಅಂಚುಗಳಲ್ಲಿ ನಡುವಿಗೆ ಗುರುತು. ಸುರುಳಿಯನ್ನು ಎರಡೂ ತುದಿಯಿಂದ ನಡುವಿಗೆ ಸುತ್ತಿ, ನಡುಗೆರೆಗೆ ಮೊದಲು ಅಂಟಿಸಿ, ಅಲ್ಲಿಂದ ಇತ್ತ ಅರ್ಧ, ಅತ್ತ ಅರ್ಧ. ಬಿಚ್ಚದ ಸುರುಳಿಯ ಭಾರ ಅಂಟಿದ ಭಾಗವನ್ನು ಕೆಳಗೆ ಎಳೆಯದ ಹಾಗೆ ಅಪ್ಪ ಎರಡು ಕೋಲುಗಳಿಗೆ ಅಡ್ಡಪಟ್ಟಿ ಬಡಿದು, ಹಳೇ ಟವೆಲ್ ಸುತ್ತಿ, ಗೊನೆ ಬಿಟ್ಟ ಬಾಳೆಗೆ ಕವೆಗೋಲು ಕೊಟ್ಟ ಹಾಗೆ ಕೆಳಗಿನಿಂದ ಕೊಟ್ಟರು. ನಾನು ಅಂಗೈಯಲ್ಲಿ ನಡುವಿನಿಂದ ಹೊರಕ್ಕೆ ಸವರಿದೆ. ಬೆರಳ ತುದಿಯಿಂದ ಒತ್ತಿದರೆ ಕುಳಿ ಬೀಳುತ್ತದೆ. ಅಂಗೈಯ ಬುಡ ಬಳಸಬೇಕು, ಮಗುವಿನ ಬೆನ್ನು ಸವರುವಷ್ಟು ಭಾರ ಸಾಕು. ಕಿಂಡಿಯ ಜಾಗದಲ್ಲಿ ಬಟ್ಟೆಯನ್ನು ಪೂರ್ತಿ ಅಂಟಿಸಿ, ಆಮೇಲೆ ಮೂಲೆಯಿಂದ ಮೂಲೆಗೆ ಕತ್ತರಿಸಿ, ನಾಲ್ಕು ಎಲೆಗಳನ್ನು ಒಳಗೆ ಮಡಚಿದೆವು. ಅಂಚನ್ನು ಕಿಂಡಿಯ ಚೌಕಟ್ಟು ಮುಚ್ಚಿತು.

ಒಟ್ಟು ಖರ್ಚು, ಕೆಟ್ಟ ತುಂಡು ಮತ್ತು ರೆಸ್ಪಿರೇಟರ್ ಸೇರಿ, ಸುಮಾರು 380 ಡಾಲರ್. ಮೀಟರನ್ನು ಗೆಳೆಯರೊಬ್ಬರು ಕೊಟ್ಟಿದ್ದರು.

ಬೇಸಿಗೆ ಕಳೆದ ಮೇಲೆ

ಏಪ್ರಿಲಿನಲ್ಲಿ ಅಪ್ಪ ಊರಿಗೆ ಹೋದರು. ಜೂನ್, ಜುಲೈ, ಆಗಸ್ಟ್ ಪೂರ್ತಿ ನಾನು ಎರಡು ವಾರಕ್ಕೊಮ್ಮೆ ಹೋಗಿ ಬಾಗಿಲು ತೆಗೆದು ನೋಡುತ್ತಿದ್ದೆ. ಥರ್ಮಾಮೀಟರ್ ಒಮ್ಮೆ 65 ಮುಟ್ಟಿತ್ತು. ಬಟ್ಟೆ ಕದಲಲಿಲ್ಲ. ಜುಲೈ ಕೊನೆಯ ಮಳೆಗೆ ಕಿಂಡಿಯ ಅಂಚಿನಲ್ಲಿ ಮೀಟರ್ ಚುಚ್ಚಿದರೆ 8 ತೋರಿಸಿತು.

ಸೆಪ್ಟೆಂಬರಿನಲ್ಲಿ ಒಂದು ಕಡೆ ಬಿಟ್ಟಿತು. ಕಪಾಟಿನ ಮೇಲಿನ ಸಂದಿಯಲ್ಲಿ, ಹೆಬ್ಬೆರಳು ಹೋಗುವಷ್ಟು. ಎತ್ತಿ ನೋಡಿದರೆ ಗಮ್ಮಿನ ಮೇಲೆ ಅದೇ ಕಿತ್ತಳೆ ಬಣ್ಣ. ಆ ಸಂದಿಗೆ ಬ್ರಷ್ ಹೋಗದೆ ಹಳೇ ಪುಡಿ ಉಳಿದುಬಿಟ್ಟಿತ್ತು, ಟೇಪ್ ಪರೀಕ್ಷೆಯನ್ನೂ ಅಲ್ಲಿ ಮಾಡಿರಲಿಲ್ಲ. ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು, ಟೇಪ್ ಹಚ್ಚಿ ನೋಡಿ, ಸಣ್ಣ ಬ್ರಷ್ಷಿನಲ್ಲಿ ಎರಡೂ ಕಡೆ ಗಮ್ ಹಚ್ಚಿ ಒತ್ತಿದೆ. ಇವತ್ತಿನವರೆಗೂ ಸರಿಯಾಗಿದೆ.

ಹಿಂಬದಿಯ 12 ಅಡಿ ಇನ್ನೂ 1996ರ ಬಟ್ಟೆಯೇ. ಮೊನ್ನೆ ಬಚ್ಚಲಿನ ಬಾಗಿಲ ಮೇಲೆ ಹೆಬ್ಬೆರಳು ಒತ್ತಿ ತಿರುಗಿಸಿದೆ. ಮರಳಿನ ಸದ್ದು ಬಂತು. ಫೋನಿನಲ್ಲಿ ಅಪ್ಪನಿಗೆ ಹೇಳಿದಾಗ, ಮುಂದಿನ ಚಳಿಗಾಲಕ್ಕೆ ಟಿಕೆಟ್ ನೋಡು ಅಂದರು. ಕವೆಗೋಲುಗಳನ್ನು ಹಾಸಿಗೆಯ ಕೆಳಗೆ ಇಟ್ಟಿದ್ದೇನೆ.